ಬೂಸ್ಟ್ ಏರಿಸಿದ್ದು ಬೆಂಗಳೂರಿನಲ್ಲಿ, ಸರಿಮಾಡಿದ್ದು ಮಂಗಳೂರಿನ ಬಿಸಿಲಲ್ಲಿ

ನನ್ನ ಕಾರು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್. ಕಂಪನಿಯಿಂದ ಬಂದಾಗ ಶಕ್ತಿ 230 ಪಿಎಸ್, ಟಾರ್ಕ್ (ತಿರುಗಿಸುವ ಬಲ) 350 ಎನ್‌ಎಂ. ಮನೆ ಸುರತ್ಕಲ್‌ನಲ್ಲಿ, ಕೆಲಸ ಮಂಗಳೂರು ಪೇಟೆಯಲ್ಲಿ. ಈ ಗಾಡಿಯ ಬೂಸ್ಟ್, ಅಂದರೆ ಟರ್ಬೊ ಎಂಜಿನ್‌ಗೆ ಒತ್ತಿ ತುಂಬುವ ಗಾಳಿಯ ಒತ್ತಡ, ಏರಿಸಿ ಈಗ ಎರಡು ಬೇಸಿಗೆ, ಎರಡು ಮಳೆಗಾಲ ಕಳೆದಿದೆ. ಎಂಜಿನ್ ಗಟ್ಟಿಯಾಗಿದೆ. ಆದರೆ ನಡುವೆ ಒಂದು ವಾರ ಅದು ಹಾಳಾಗುವ ಹಾದಿಯಲ್ಲೇ ಇತ್ತು. ಆ ವಾರದ ಕಥೆ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಏನನ್ನೂ ಏರಿಸಲಿಲ್ಲ, ಬರೀ ಅಳೆದೆ. ಲ್ಯಾಪ್‌ಟಾಪ್‌ಗೆ ವಿಸಿಡಿಎಸ್ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಾಫ್ಟ್‌ವೇರ್) ಹಾಕಿ, ಗಾಡಿ ಇದ್ದ ಹಾಗೇ ಲಾಗ್ (ಓಡುವಾಗಿನ ಅಂಕಿಗಳ ದಾಖಲೆ) ತೆಗೆದೆ. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಕೇಳುವ ಬೂಸ್ಟ್ ಎಷ್ಟು, ನಿಜವಾಗಿ ಬರುವುದು ಎಷ್ಟು, ಒಳಗೆ ಹೋಗುವ ಗಾಳಿಯ ತಾಪ ಎಷ್ಟು, ಪ್ರತಿ ಸಿಲಿಂಡರ್‌ನಲ್ಲಿ ಇಗ್ನಿಷನ್ (ಕಿಡಿ ಹಾರುವ ಹೊತ್ತು) ಎಷ್ಟು ಡಿಗ್ರಿ ಹಿಂದೆ ಹೋಗುತ್ತಿದೆ ಅಂದರೆ ತಡವಾಗುತ್ತಿದೆ, ಇಂಧನದ ಒತ್ತಡ ಬೀಳುತ್ತಿದೆಯಾ. ಇಷ್ಟು ಸಾಕು. ನೋಡಿದರೆ ಕೇಳಿದ್ದಕ್ಕಿಂತ 0.1 ಬಾರ್ ಕಡಿಮೆ ಬರುತ್ತಿತ್ತು. ಬೈಕಂಪಾಡಿಯಲ್ಲಿ ನಾನು ಯಾವಾಗಲೂ ಹೋಗುವ ಗ್ಯಾರೇಜಿನ ಅಣ್ಣ ಪೈಪಿನೊಳಗೆ ಹೊಗೆ ಬಿಟ್ಟು ನೋಡಿದರು. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಕೆಳಗಿನ ಹೋಸ್ ಹತ್ತಿರ ಹೊಗೆ ಎದ್ದಿತು. "ಇದನ್ನು ಸರಿ ಮಾಡದೆ ಬೂಸ್ಟ್ ಏರಿಸಿದ್ರೆ ಎಂತ ಪ್ರಯೋಜನ ಮಾರಾಯ್ರೆ? ಟರ್ಬೊ ಸುಮ್ನೆ ದುಡೀತದೆ ಅಷ್ಟೆ" ಅಂದರು. ಹೊಸ ಹೋಸ್, ಹೊಸ ಕ್ಲಿಪ್ ಹಾಕಿದೆವು. ಅಷ್ಟಕ್ಕೇ ಗಾಡಿ ಬೇರೆಯೇ ಆಯಿತು.

ಆಮೇಲೆ ಹೊಸ ಸ್ಪಾರ್ಕ್ ಪ್ಲಗ್. ಗ್ಯಾಪ್ 0.6 ಮಿ.ಮೀ.ಗೆ ಇಳಿಸಿದೆವು. ಒತ್ತಡ ಹೆಚ್ಚಾದಷ್ಟೂ ಕಿಡಿ ಹಾರುವುದು ಕಷ್ಟ, ಗ್ಯಾಪ್ ದೊಡ್ಡದಿದ್ದರೆ ಮಿಸ್‌ಫೈರ್ ಆಗುತ್ತದೆ. ಎಂಜಿನ್ ಆಯಿಲ್ ಬದಲಿಸಿದೆವು. ಡಿಎಸ್‌ಜಿ (ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಆಯಿಲ್‌ನ 60,000 ಕಿ.ಮೀ. ಅವಧಿ ಹತ್ತಿರ ಬಂದಿತ್ತು, ಅದನ್ನೂ ಮುಗಿಸಿದೆವು.

ನಂತರ ಶಿರಾಡಿ ಹತ್ತಿ ಬೆಂಗಳೂರಿಗೆ ಹೋದೆ. ಅಲ್ಲಿ ಒಬ್ಬ ಟ್ಯೂನರ್ ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಬೂಸ್ಟ್ ಏರಿಸುವ ಮ್ಯಾಪ್, ಅಂದರೆ ಇಸಿಯು ನೋಡಿ ನಡೆಯುವ ಹೊಸ ಲೆಕ್ಕದ ಪಟ್ಟಿ, ಹಾಕಿಕೊಟ್ಟರು. ಡಿಸೆಂಬರ್ ತಿಂಗಳು, ಬೆಳಿಗ್ಗೆ 20 ಡಿಗ್ರಿ ಇತ್ತು. ಟ್ಯಾಂಕ್ ತುಂಬ 100 ಆಕ್ಟೇನ್ ಪೆಟ್ರೋಲ್ (ಆಕ್ಟೇನ್ ಹೆಚ್ಚಿದ್ದಷ್ಟೂ ಪೆಟ್ರೋಲ್ ತಾನಾಗಿ ಸಿಡಿಯುವುದು ಕಡಿಮೆ). ಗ್ರಾಫ್ ಚೆನ್ನಾಗಿ ಬಂತು. ನಾನೂ ಖುಷಿಯಾಗಿ ಊರಿಗೆ ಬಂದೆ.

ಮಾರ್ಚ್ ಕೊನೆಯಲ್ಲಿ ಒಂದು ಮಧ್ಯಾಹ್ನ ಮತ್ತೆ ಲಾಗ್ ತೆಗೆದೆ. ಹೊರಗೆ 34 ಡಿಗ್ರಿ. ಟ್ಯಾಂಕ್‌ನಲ್ಲಿ ನಾನು ದಿನಾ ಹಾಕಿಸುವ 95 ಆಕ್ಟೇನ್. ಮುಲ್ಕಿಯಿಂದ ಪಡುಬಿದ್ರಿ ಕಡೆ, ಊಟದ ಹೊತ್ತು, ಹೆದ್ದಾರಿ ಖಾಲಿ. ಪಕ್ಕದ ಸೀಟಿನಲ್ಲಿ ಗೆಳೆಯ ಲ್ಯಾಪ್‌ಟಾಪ್ ಹಿಡಿದಿದ್ದ. ಎರಡನೇ ಗೇರ್‌ನಲ್ಲಿ ಪೂರ್ತಿ ತುಳಿದರೂ ವೇಗ 90 ದಾಟದಂತೆ ನೋಡಿಕೊಂಡೆವು. ಮೂರನೇ, ನಾಲ್ಕನೇ ಗೇರ್‌ನ ಪೂರ್ತಿ ಪರೀಕ್ಷೆಗೆ ಡೈನೋನೇ ಜಾಗ. ನಮ್ಮ ಹೆದ್ದಾರಿಯಲ್ಲಿ ಯಾವ ಕಡೆಯಿಂದ ಸ್ಕೂಟರ್ ಬರುತ್ತದೆ ಅಂತ ಹೇಳುವ ಹಾಗಿಲ್ಲ.

ಲಾಗ್ ನೋಡಿ ಎದೆ ಧಸಕ್ಕೆಂದಿತು. ಮೂರನೇ ಸಿಲಿಂಡರ್‌ನಲ್ಲಿ ಇಗ್ನಿಷನ್ 7 ಡಿಗ್ರಿಗಿಂತ ಜಾಸ್ತಿ ಹಿಂದೆ ಹೋಗಿತ್ತು. ಅಂದರೆ ನಾಕಿಂಗ್ ಆಗುತ್ತಿದೆ, ಇಸಿಯು ಎಂಜಿನ್ ಉಳಿಸಲು ಒದ್ದಾಡುತ್ತಿದೆ. ಕಿಡಿ ಹಾರಿ ಬೆಂಕಿ ಹರಡುವಾಗ, ಮೂಲೆಯಲ್ಲಿ ಉಳಿದ ಮಿಶ್ರಣ ತಾಪಕ್ಕೆ, ಒತ್ತಡಕ್ಕೆ ತಾನಾಗಿ ಸಿಡಿಯುವುದೇ ನಾಕಿಂಗ್. ಒಂದೆರಡು ಸಲ ಆದರೆ ಎಂಜಿನ್ ತಡೆದುಕೊಳ್ಳುತ್ತದೆ. ದಿನಾ ಆದರೆ ಪಿಸ್ಟನ್ ರಿಂಗ್ ಕೂರುವ ಜಾಗವೇ ಒಡೆಯುತ್ತದೆ. ಟ್ಯೂನರ್‌ಗೆ ಫೋನ್ ಮಾಡಿದೆ. "ಅಷ್ಟು ಇರುತ್ತೆ ಸರ್, ಸೆನ್ಸರ್ ನೋಡಿಕೊಳ್ಳುತ್ತೆ" ಅಂದರು. ನನಗೆ ಸಮಾಧಾನ ಆಗಲಿಲ್ಲ. ನಾಕ್ ಸೆನ್ಸರ್ ಇರುವುದು ಆಪತ್ತಿಗೆ. ಪ್ರತಿ ಸಲ ಅದರ ಮೇಲೇ ಭಾರ ಹಾಕಿ ಓಡಿಸುವುದು ಸರಿಯಲ್ಲ. ಆ ವಾರ ಪೂರ್ತಿ ಅರ್ಧ ಆಕ್ಸಲರೇಟರ್‌ನಲ್ಲೇ ಓಡಾಡಿದೆ.

ಯಾಕೆ ಹೀಗಾಯಿತು ಅಂತ ಕೂತು ಲೆಕ್ಕ ಹಾಕಿದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್, ನಮ್ಮಲ್ಲಿ 1.01. ನನ್ನ ಗಾಡಿಯ ಇಸಿಯು ಒಟ್ಟು ಒತ್ತಡವನ್ನು (ಹೊರಗಿನ ಗಾಳಿಯದ್ದು, ಬೂಸ್ಟ್ ಎರಡೂ ಸೇರಿ) ಹಿಡಿದು ಕೆಲಸ ಮಾಡುತ್ತದೆ. ಅದಕ್ಕೇ ಎರಡೂ ಕಡೆ ಮ್ಯಾಪ್ ಕೇಳಿದ್ದು ಒಂದೇ 2.5 ಬಾರ್. ಒತ್ತಡದ ಮಟ್ಟಿಗೆ ನಮ್ಮೂರು ಟರ್ಬೊಗೆ ಹಗುರವೇ, ಅಷ್ಟು ತಿರುಗಬೇಕಿಲ್ಲ. ತೊಂದರೆ ಬಂದದ್ದು ತಾಪದಿಂದ, ಪೆಟ್ರೋಲ್‌ನಿಂದ. ಆದರೆ ಕೈಯಲ್ಲಿ ತಿರುಗಿಸುವ ಬೂಸ್ಟ್ ಕಂಟ್ರೋಲರ್ ಇರುವ ಹಳೇ ಗಾಡಿಯ ಕಥೆ ಬೇರೆ. ಅದು ಹೊರಗಿನ ಗಾಳಿಯ ಮೇಲೆ 1 ಬಾರ್ ಅಂತ ಕೂಡಿಸುತ್ತದೆ. ಬೆಂಗಳೂರಿನಲ್ಲಿ ಸೆಟ್ ಮಾಡಿ ಘಟ್ಟ ಇಳಿದರೆ ಏನನ್ನೂ ಮುಟ್ಟದೆ 0.1 ಬಾರ್ ಜಾಸ್ತಿ ಆಗಿಬಿಟ್ಟಿರುತ್ತದೆ. ಹಾಗಿರುವವರು ಊರಿಗೆ ಬಂದ ಕೂಡಲೇ ಇಳಿಸಿಕೊಳ್ಳಿ.

ನಮ್ಮಲ್ಲಿ ಬಹಳ ಜನ ಸೆಕೆಯ ಗಾಳಿಯ ತೇವಾಂಶವೇ ನಾಕಿಂಗ್ ತರುತ್ತದೆ ಅಂದುಕೊಂಡಿದ್ದಾರೆ. ಹಾಗಲ್ಲ. ನೀರಾವಿ ಉರಿಯುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ, ನಾಕಿಂಗ್ ಕಡಿಮೆಯೇ ಆಗುತ್ತದೆ. 32 ಡಿಗ್ರಿ, 80% ತೇವಾಂಶ ಇದ್ದ ದಿನ ಗಾಳಿಯಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ನೀರಾವಿಯೇ ಇರುತ್ತದೆ. ಅಷ್ಟು ಆಮ್ಲಜನಕ ಕಡಿಮೆ, ಅಷ್ಟು ಶಕ್ತಿ ಕಡಿಮೆ. ನಾಕಿಂಗ್‌ಗೆ ಕಾರಣ ತಾಪ. ಆ ಮಧ್ಯಾಹ್ನ ಇಂಟೇಕ್ ತಾಪ (ಎಂಜಿನ್ ಒಳಗೆ ಹೋಗುವ ಗಾಳಿಯ ತಾಪ) 60 ಡಿಗ್ರಿ ದಾಟಿತ್ತು.

ಹಾಗಾಗಿ ಮೊದಲು ದೊಡ್ಡ ಇಂಟರ್‌ಕೂಲರ್ ಹಾಕಿಸಿದೆ. ಅದೇ ರಸ್ತೆ, ಅಷ್ಟೇ ಬಿಸಿಲು, ಇಂಟೇಕ್ ತಾಪ 48ರ ಹತ್ತಿರ ನಿಂತಿತು. ನಂತರ ಬೇರೆ ಟ್ಯೂನರ್ ಹತ್ತಿರ ಹೋದೆ. ಮಂಗಳೂರಿನ ಬೇಸಿಗೆಯ ಲಾಗ್‌ಗಳನ್ನೇ ಮುಂದಿಟ್ಟು, ಇದಕ್ಕೆ ಸರಿಹೊಂದುವ ಮ್ಯಾಪ್ ಬೇಕು ಅಂದೆ. ಅವರು ಒಟ್ಟು ಒತ್ತಡ 2.35 ಬಾರ್‌ಗೆ ಇಳಿಸಿದರು. ಕಂಪನಿಯ ಮ್ಯಾಪ್‌ನಲ್ಲಿ 2.2ರ ಹತ್ತಿರ ಇತ್ತು, ಅಂದರೆ ಏರಿದ್ದು 0.15 ಮಾತ್ರ. ಇಗ್ನಿಷನ್ ಸ್ವಲ್ಪ ಹಿಂದಿಟ್ಟರು. ಟಾರ್ಕ್ 400 ಎನ್‌ಎಂ ದಾಟದಂತೆ ಕಟ್ಟಿದರು, ಗೇರ್‌ಬಾಕ್ಸ್ ಉಳಿಯಬೇಕಲ್ವಾ. ಮುಖ್ಯವಾಗಿ, 2,500 ಆರ್‌ಪಿಎಂ ಒಳಗೆ ಬೂಸ್ಟ್ ಒಮ್ಮೆಲೇ ಬರದಂತೆ ಮಾಡಿದರು. ನೇರವಾಗಿ ಸಿಲಿಂಡರ್‌ಗೇ ಇಂಧನ ಚಿಮ್ಮುವ ಟರ್ಬೊ ಎಂಜಿನ್‌ಗಳಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಜಾಸ್ತಿ ಭಾರ ಬಿದ್ದರೆ ಕಿಡಿಗೂ ಮೊದಲೇ ಬೆಂಕಿ ಹತ್ತುವ ಅಪಾಯ ಇದೆ. ಅದು ನಾಕಿಂಗ್‌ಗಿಂತ ಕೆಟ್ಟದ್ದು. ಆಯಿಲ್ ಕೂಡ ಎಪಿಐ ಎಸ್‌ಪಿ ದರ್ಜೆಯದ್ದೇ ಹಾಕಿಸುತ್ತೇನೆ, ಇದನ್ನು ತಡೆಯುವ ಪರೀಕ್ಷೆ ಆ ದರ್ಜೆಯಲ್ಲಿ ಸೇರಿದೆ.

ಏಪ್ರಿಲ್‌ನಲ್ಲಿ ಅದೇ ಹೆದ್ದಾರಿಯಲ್ಲಿ, ಅದೇ 95 ಆಕ್ಟೇನ್‌ನಲ್ಲಿ ನೋಡಿದರೆ ಎಲ್ಲ ಸಿಲಿಂಡರ್‌ಗಳೂ 2 ಡಿಗ್ರಿ ಒಳಗೇ ಇದ್ದವು. ಡೈನೋ ಮೇಲೆ ಸುಮಾರು 275 ಪಿಎಸ್. ಮೊದಲಿನ ಮ್ಯಾಪ್ ತೋರಿಸಿದ್ದಕ್ಕಿಂತ ಕಡಿಮೆ. ಆದರೆ ಇದು ನಮ್ಮೂರಿನ ಮಧ್ಯಾಹ್ನದಲ್ಲೂ ಸಿಗುವ ಶಕ್ತಿ.

ಕಾನೂನಿನ ವಿಷಯವನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು. ಕೈ ಹಾಕುವ ಮೊದಲು ಇದನ್ನು ತಿಳಿದಿರಬೇಕು. ವಾರಂಟಿ ಇದ್ದರೆ ಹೋದ ಹಾಗೆಯೇ ಲೆಕ್ಕ. ನಾನು ವಾರಂಟಿ ಮುಗಿದ ಮೇಲೆ ಶುರು ಮಾಡಿದೆ, ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿದೆ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಲಿಲ್ಲ.

ಈಗ ಸಂಜೆ ಮನೆಗೆ ಹೋಗುವಾಗ ಕೂಳೂರು ಸೇತುವೆ ಹತ್ತಿರ ಬ್ಲಾಕ್ ಸಿಕ್ಕರೆ ಇಂಟೇಕ್ ತಾಪ ಏರುತ್ತಾ ಹೋಗುವುದು ಮೀಟರ್‌ನಲ್ಲಿ ಕಾಣುತ್ತದೆ. ರಸ್ತೆ ಬಿಟ್ಟ ಕೂಡಲೇ ತುಳಿಯುವುದಿಲ್ಲ. ಪಣಂಬೂರು ಬರುವಷ್ಟರಲ್ಲಿ ಗಾಳಿ ತಾಗಿ ತಾಪ 45ಕ್ಕೆ ಇಳಿದಿರುತ್ತದೆ. ಆಮೇಲೂ ಮುಂದೆ ಲಾರಿ ಸಾಲು ಇಲ್ಲದಿದ್ದರೆ ಮಾತ್ರ.