ಮೇಲಿಂದ ಫುಟ್‌ಬಾಲ್ ಸ್ಟೇಡಿಯಂ ಗುರುತಿಸುವುದು: ನನ್ನ ಅನುಭವ

ಉಪಗ್ರಹ ಚಿತ್ರ ನೋಡಿ ನಕ್ಷೆಯಲ್ಲಿ ಕಟ್ಟಡಗಳ ಗಡಿ ಎಳೆಯುವುದು ನನ್ನ ಹವ್ಯಾಸ. ಅದರಲ್ಲೂ ಫುಟ್‌ಬಾಲ್ ಸ್ಟೇಡಿಯಂ ಅಂದರೆ ಜಾಸ್ತಿ ಪ್ರೀತಿ. ಹೆಸರು ಓದದೆ ಬರೀ ಚಿತ್ರ ನೋಡಿ ಇದು ಯಾವುದು ಅಂತ ಹೇಳುವುದನ್ನು ನಿಧಾನವಾಗಿ ರೂಢಿಸಿಕೊಂಡೆ. ನಾನು ಏನೇನು ನೋಡುತ್ತೇನೆ ಅಂತ ಹೇಳ್ತೀನಿ.

ಸಾಮಾನ್ಯವಾಗಿ ಕಣ್ಣು ಮೊದಲು ಚಾವಣಿಗೆ ಹೋಗುತ್ತದೆ. ನಾನು ಮೊದಲು ಹುಲ್ಲು ನೋಡುತ್ತೇನೆ. ದೊಡ್ಡ ಪಂದ್ಯಗಳ ಅಂಕಣ ಹೆಚ್ಚಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ ಇರುತ್ತದೆ. ಆದರೆ ಈ ಅಳತೆ ಎಲ್ಲ ಕಡೆ ಒಂದೇ ಅಲ್ಲ, ನಿಯಮದಲ್ಲೇ ಸ್ವಲ್ಪ ಸಡಿಲ ಇದೆ. ಪೆನಾಲ್ಟಿ ಬಾಕ್ಸ್, ಅಂದರೆ ಗೋಲಿನ ಮುಂದೆ ಗೆರೆ ಎಳೆದ ದೊಡ್ಡ ಆಯತ, ಹಾಗಲ್ಲ. ಎಲ್ಲಿಗೆ ಹೋದರೂ ಅದು 40.32 ಮೀಟರ್ ಅಗಲ, 16.5 ಮೀಟರ್ ಆಳ. ಅನುಮಾನ ಬಂದರೆ ಗೂಗಲ್ ಅರ್ಥ್‌ನ ಅಳತೆಪಟ್ಟಿಯಿಂದ ಬಾಕ್ಸನ್ನೇ ಅಳೆಯುತ್ತೇನೆ. ಅಮೆರಿಕನ್ ಫುಟ್‌ಬಾಲ್ ಅಂಕಣ ಸುಮಾರು 49 ಮೀಟರ್ ಅಗಲ ಅಷ್ಟೇ, ಮೈತುಂಬ ಅಡ್ಡಗೆರೆ. ಕ್ರಿಕೆಟ್ ಮೈದಾನದಲ್ಲಿ ನಟ್ಟನಡುವೆ ಮಣ್ಣುಬಣ್ಣದ ಪಿಚ್ ಕಾಣುತ್ತದೆ.

ಆಮೇಲೆ ಅಂಕಣದ ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ ಅಂತ ನೋಡಬೇಕು. ಹಳೆಯ ಕಾಲದ ಮತ್ತು ಹೊಸ ಕಾಲದ ಸ್ಟೇಡಿಯಂಗಳ ವ್ಯತ್ಯಾಸ ಜಾಸ್ತಿ ತಿಳಿಯುವುದು ಇಲ್ಲೇ. ಓಟದ ಟ್ರ್ಯಾಕ್ ಸೇರಿಸಿದರೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲ ಜಾಗ ಬೇಕು. ಪ್ರೇಕ್ಷಕರು ದೂರ ಸರಿಯುತ್ತಾರೆ, ಇಡೀ ಕಟ್ಟಡ ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಬರ್ಲಿನ್‌ನ ಒಲಿಂಪಿಕ್ ಸ್ಟೇಡಿಯಂ ಹೀಗಿದೆ. ನೀಲಿ ಟ್ರ್ಯಾಕ್, ಪಶ್ಚಿಮದಲ್ಲಿ ಕತ್ತರಿಸಿಬಿಟ್ಟಂಥ ಚಾವಣಿ. ಫುಟ್‌ಬಾಲಿಗೆಂದೇ ಕಟ್ಟಿದ ಹೊಸ ಸ್ಟೇಡಿಯಂನಲ್ಲಿ ಆಸನಗಳು ಗೆರೆಯ ಹತ್ತಿರಕ್ಕೇ ಬಂದಿರುತ್ತವೆ. ಚಾವಣಿ ಎಲ್ಲರ ತಲೆಯ ಮೇಲೂ ಇರುತ್ತದೆ, ನಡುವೆ ಮಾತ್ರ ತೆರೆದಿರುತ್ತದೆ. ಹೊರಗಿನ ಆಕಾರ ಎಷ್ಟೇ ದುಂಡಗಿರಲಿ, ಆ ತೆರಪು ಮಾತ್ರ ಸಾಮಾನ್ಯವಾಗಿ ಅಂಕಣದ ಹಾಗೆ ಉದ್ದುದ್ದ. ನನ್ನ ಮಟ್ಟಿಗೆ ಹೊಸ ಸ್ಟೇಡಿಯಂನ ನಿಜವಾದ ಗುರುತು ಈ ತೆರಪೇ.

ಇದು ಹೊಸ ಸ್ಟೇಡಿಯಂ ಅಂತ ಗೊತ್ತಾಯಿತು, ಆದರೆ ಯಾವುದು? ಅದಕ್ಕೆ ಚಾವಣಿಯನ್ನು ಯಾವುದು ಎತ್ತಿ ಹಿಡಿದಿದೆ ಅಂತ ಹುಡುಕುತ್ತೇನೆ. 2007ರಲ್ಲಿ ತೆರೆದ ಲಂಡನ್‌ನ ವೆಂಬ್ಲಿಯಲ್ಲಿ ಅದು 133 ಮೀಟರ್ ಎತ್ತರದ, 315 ಮೀಟರ್ ಉದ್ದಕ್ಕೆ ಚಾಚಿದ ಕಮಾನು. ನೇರ ಮೇಲಿಂದ ನೋಡಿದರೆ ಕಮಾನು ಬರೀ ತೆಳು ಬಿಳಿ ಗೆರೆ. ಬಿಸಿಲು ಓರೆಯಾಗಿರುವ ಹೊತ್ತಿನ ಚಿತ್ರ ಸಿಕ್ಕರೆ ಅದರ ನೆರಳು ಪಕ್ಕದ ನೆಲದ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ಎತ್ತರ ಅಳೆಯಲು ನೆರಳಿಗಿಂತ ಒಳ್ಳೆ ಸಾಕ್ಷಿ ಮೇಲಿಂದ ಸಿಗುವುದಿಲ್ಲ. ಮಿಲಾನ್‌ನ ಸ್ಯಾನ್ ಸಿರೊದಲ್ಲಿ ಚಾವಣಿಯ ಕೆಂಪು ತೊಲೆಗಳು, ಮೂಲೆಯ ದುಂಡು ಗೋಪುರಗಳು ಕಣ್ಣಿಗೆ ಬೀಳುತ್ತವೆ. ಫ್ರಾಂಕ್‌ಫರ್ಟ್‌ನಲ್ಲಿ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಕೇಬಲ್‌ಗಳು ನಡುವಿಗೆ ಓಡಿ, ಅಂಕಣದ ಮೇಲೆ ತೂಗುವ ದೊಡ್ಡ ವಿಡಿಯೊ ಪೆಟ್ಟಿಗೆಯನ್ನು ಹಿಡಿದಿವೆ. ಮ್ಯೂನಿಕ್‌ನ ಅಲಿಯಾನ್ಸ್ ಅರೇನಾಕ್ಕೆ ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬುಗಳ ಹೊದಿಕೆ ಇದೆ. ಅಲ್ಲಿ ನಾನು ದಕ್ಷಿಣ ದಿಕ್ಕನ್ನೂ ನೋಡುತ್ತೇನೆ. ಭಾರೀ ಕಾರ್ ಪಾರ್ಕಿಂಗಿನ ಚಾವಣಿಯ ಮೇಲೆ ಹಸಿರು ಬೆಳೆಸಿ, ಅದರ ನಡುವೆ ಡೊಂಕು ಕಾಲುದಾರಿ ಮಾಡಿದ್ದಾರೆ.

ನನಗೆ ತುಂಬ ಇಷ್ಟವಾದವು ಎರಡು. ಪೋರ್ಚುಗಲ್‌ನ ಬ್ರಾಗಾದಲ್ಲಿ ಕಲ್ಲುಗಣಿಯೊಳಗೆ ಕಟ್ಟಿದ ಸ್ಟೇಡಿಯಂ. ಆಸನಗಳಿರುವುದು ಎರಡೇ ಬದಿಗೆ. ಒಂದು ಗೋಲಿನ ಹಿಂದೆ ಬರೀ ಬಂಡೆ. ಎರಡು ಚಾವಣಿಗಳನ್ನು ಜೋಡಿಸುವ ಕೇಬಲ್‌ಗಳು ಅಂಕಣದ ಮೇಲೆ ಸಣ್ಣ ಗೆರೆಗಳಾಗಿ ಹಾದುಹೋಗುತ್ತವೆ. ಇನ್ನೊಂದು ಜರ್ಮನಿಯ ಗೆಲ್ಸೆನ್‌ಕಿರ್ಷೆನ್‌ನದು. ಅಲ್ಲಿ ಇಡೀ ಹುಲ್ಲು ಅಂಕಣವನ್ನೇ ಬಿಸಿಲಿಗೆ ಹೊರಗೆ ಎಳೆಯುತ್ತಾರೆ. ಮುಚ್ಚಿದ ಕಟ್ಟಡದ ದಕ್ಷಿಣಕ್ಕೆ ಗೆರೆ ಎಳೆದ ಅಂಕಣ ಒಂಟಿಯಾಗಿ ಕಂಡರೆ ಅದನ್ನು ತರಬೇತಿ ಮೈದಾನ ಅಂದುಕೊಳ್ಳಬೇಡಿ.

ಹೀಗೆ ಎಳೆಯುವುದಕ್ಕೆ ಕಾರಣ ಇದೆ. ಎತ್ತರದ ಚಾವಣಿ ಅಂದರೆ ಹುಲ್ಲಿಗೆ ನೆರಳು. ಉತ್ತರ ಗೋಳಾರ್ಧದಲ್ಲಿ ಅಂಕಣದ ದಕ್ಷಿಣ ಭಾಗಕ್ಕೆ ಚಳಿಗಾಲದಲ್ಲಿ ಬಿಸಿಲು ತೀರಾ ಕಡಿಮೆ. ಹಾಗಾಗಿ ಚಕ್ರದ ಮೇಲೆ ನಿಂತ ದೀಪದ ಚೌಕಟ್ಟುಗಳನ್ನು ಅಂಕಣಕ್ಕೆ ತಂದು ನಿಲ್ಲಿಸುತ್ತಾರೆ. ಚಿತ್ರದಲ್ಲಿ ಅವು ಹುಲ್ಲಿನ ಮೇಲೆ ಸಾಲಾಗಿ ಕಂಡರೆ ನನಗೆ ಖುಷಿ. ದೊಡ್ಡ ಕ್ಲಬ್ಬಿನ ಸ್ಟೇಡಿಯಂ ಅನ್ನುವುದಕ್ಕೆ ಅದು ಒಳ್ಳೆ ಸುಳಿವು.

ಗಡಿ ಎಳೆಯುವಾಗ ಇನ್ನೊಂದು ಎಚ್ಚರ ಬೇಕು. ಉಪಗ್ರಹ ಯಾವಾಗಲೂ ನೆತ್ತಿಯ ಮೇಲಿಂದಲೇ ನೋಡುವುದಿಲ್ಲ. ಓರೆಯಾಗಿ ತೆಗೆದ ಚಿತ್ರದಲ್ಲಿ ಎತ್ತರದ ಚಾವಣಿ ತನ್ನ ಜಾಗದಿಂದ ಪಕ್ಕಕ್ಕೆ ಸರಿದ ಹಾಗೆ ಕಾಣುತ್ತದೆ. ಅದಕ್ಕೇ ನಾನು ಚಾವಣಿಯ ಅಂಚನ್ನು ಎಳೆದು, ಆ ಗೆರೆಯನ್ನು ಗೋಡೆ ನೆಲ ಮುಟ್ಟುವ ಕಡೆಗೆ ಸರಿಸುತ್ತೇನೆ.

ಚಿತ್ರದ ತಾರೀಖನ್ನಂತೂ ನೋಡಲೇಬೇಕು. ಲಂಡನ್‌ನ ಟಾಟನ್‌ಹ್ಯಾಮ್ ಕ್ಲಬ್ 2017ರಲ್ಲಿ ಹಳೆಯ ಸ್ಟೇಡಿಯಂ ಕೆಡವಿ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕಟ್ಟಿದ ಹೊಸದನ್ನು 2019ರಲ್ಲಿ ತೆರೆಯಿತು. ನಡುವಿನ ಚಿತ್ರ ಸಿಕ್ಕರೆ ಅರ್ಧ ಕಟ್ಟಿದ್ದು ಮಾತ್ರ ಕಾಣುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳಿಗೆ ಹಿಂದೆ ಹೋಗುವ ಸೌಲಭ್ಯ ಇದೆ, ಬಳಸಿಕೊಳ್ಳಿ. ಲಂಡನ್‌ನದೇ ಆರ್ಸೆನಲ್ ಕ್ಲಬ್ಬಿನ ಹಳೆಯ ಸ್ಟೇಡಿಯಂ ಹೈಬರಿಯದು ಇನ್ನೂ ಸೂಕ್ಷ್ಮ. 2006ರಲ್ಲಿ ಕ್ಲಬ್ ಅಲ್ಲಿಂದ ಹತ್ತಿರದ ಎಮಿರೇಟ್ಸ್ ಸ್ಟೇಡಿಯಂಗೆ ಹೋಯಿತು. ಹೈಬರಿಯ ಆಸನಗಳಿದ್ದ ಕಡೆ ಮನೆಗಳಾದವು, ಅಂಕಣ ತೋಟವಾಯಿತು. ಮೇಲಿಂದ ನೋಡಿದರೆ ಸುತ್ತ ಕಟ್ಟಡ, ನಡುವೆ ಉದ್ದುದ್ದ ಹಸಿರು, ಥೇಟ್ ಸ್ಟೇಡಿಯಂ ಅಲ್ವಾ? ಬಿಳಿ ಗೆರೆ, ಗೋಲು, ಬಾಕ್ಸ್ ಯಾವುದೂ ಇಲ್ಲ. ನಕ್ಷೆಯಲ್ಲಿ ಅದನ್ನು ತೋಟ ಅಂತಲೇ ಗುರುತಿಸಬೇಕು.