ಸಣ್ಣ ವೆಜ್ ಹೋಟೆಲಲ್ಲಿ ವೀಗನ್ ಊಟ ಹೇಗೆ ಆರ್ಡರ್ ಮಾಡೋದು

ವೀಗನ್ ಅಂದ್ರೆ ಮಾಂಸ, ಮೊಟ್ಟೆ ಅಷ್ಟೇ ಅಲ್ಲ, ಹಾಲು, ಮೊಸರು, ತುಪ್ಪ ಹೀಗೆ ಪ್ರಾಣಿಗಳಿಂದ ಬರೋದು ಯಾವ್ದೂ ಇಲ್ಲದ ಊಟ. ವೆಜ್ ಹೋಟೆಲ್ ಅಂದ್ಮೇಲೆ ವೀಗನ್‌ಗೆ ಏನ್ ಕಷ್ಟ ಅಂತ ಸುಮಾರು ಜನ ಅಂದ್ಕೋತಾರೆ, ಆದ್ರೆ ನಮ್ಮ ಅಡುಗೇಲಿ ತುಪ್ಪ ಮೊಸರು ಎಲ್ಲೆಲ್ಲಿ ಇರುತ್ತೆ ಅಂತ ಗೊತ್ತಿಲ್ದಿದ್ರೆ ನಿಜವಾಗ್ಲೂ ಕಷ್ಟನೇ.

ಮೊದಲನೇದು, "ವೀಗನ್ ಇದ್ಯಾ" ಅಂತ ಕೇಳ್ಬೇಡಿ. ತುಂಬಾ ಕಡೆ ಅದನ್ನ ಬರೀ ವೆಜ್ ಅಂತಲೇ ತಿಳ್ಕೊಂಡು ಇದೆ ಸಾರ್ ಅಂದ್ಬಿಡ್ತಾರೆ. ಅದರ ಬದಲು "ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್ ಏನೂ ಬೇಡಣ್ಣ, ಎಣ್ಣೇಲೇ ಮಾಡ್ಸಿ" ಅಂತ ಒಂದೊಂದಾಗಿ ಹೆಸರು ಹೇಳಿ, ತಕ್ಷಣ ಅರ್ಥ ಆಗುತ್ತೆ.

ಇಡ್ಲಿ ಹಿಟ್ಟಲ್ಲಿ ಅಕ್ಕಿ ಉದ್ದು ಅಷ್ಟೇ, ಆದ್ರೆ ರವೆ ಇಡ್ಲಿಗೆ ಮೊಸರು ಬೀಳುತ್ತೆ. ದೋಸೇಲಿ ತೊಂದ್ರೆ ಇರೋದು ಹಿಟ್ಟಲ್ಲಲ್ಲ, ಕಾವಲಿ ಮೇಲೆ: ದೋಸೆ ಇನ್ನೂ ಬೇಯ್ತಿರೋವಾಗ್ಲೇ ಒಂದು ಚಮಚ ತುಪ್ಪ ಸುತ್ತಲೂ ಬಿಟ್ಬಿಡ್ತಾರೆ, ಅಭ್ಯಾಸಬಲ ಪಾಪ, ಅದಕ್ಕೇ ಆರ್ಡರ್ ಕೊಡೋವಾಗ್ಲೇ ಹೇಳಿ, ಪ್ಲೇಟ್ ಬಂದ್ಮೇಲೆ ವಾಪಸ್ ಕಳಿಸಿದ್ರೆ ಅನ್ನ ದಂಡ. ಚಟ್ನಿಗೆ ಮೊಸರು ಹಾಕಿದಾರಾ ಅಂತಲೂ ಕೇಳ್ಕೊಳಿ. ಬಿಸಿಬೇಳೆಬಾತ್, ಪೊಂಗಲ್, ಕೇಸರಿಬಾತ್ ಮೊದಲೇ ತುಪ್ಪ ಹಾಕಿ ಮಾಡಿಟ್ಟಿರ್ತಾರೆ, ಬಿಟ್ಬಿಡಿ.

ನಾರ್ತ್ ಇಂಡಿಯನ್ ಆದ್ರೆ ನಾನ್ ಹಿಟ್ಟಿಗೆ ಸಾಮಾನ್ಯವಾಗಿ ಹಾಲೋ ಮೊಸರೋ ಇರುತ್ತೆ, ಬೆಣ್ಣೆ ಸವರದ ತಂದೂರಿ ರೊಟ್ಟಿ ವಾಸಿ. ಜೊತೆಗೆ ಚನಾ ಮಸಾಲ, ಆಲೂ ಗೋಬಿ, ಎಣ್ಣೆ ಒಗ್ಗರಣೆ ದಾಲ್. ಗ್ರೇವಿ ಬೆಳ್ಳಗೆ ನುಣ್ಣಗೆ ಇದ್ರೆ ಅದು ಬರೀ ಗೋಡಂಬಿನಾ, ಕ್ರೀಮ್ ಕೂಡ ಇದ್ಯಾ ಕೇಳಿ.

ರಶ್ ಇಲ್ದಿರೋ ಹೊತ್ತಲ್ಲಿ ಹೋಗಿ. ಸಣ್ಣ ಹೋಟೆಲಲ್ಲಿ ಅಡುಗೆಯವರು ಅಲ್ಲೇ ಎದುರಿಗೇ ಇರ್ತಾರೆ, ಪ್ರೀತಿಯಿಂದ ಕೇಳಿದ್ರೆ ಬೇರೆ ಬಾಣಲೇಲಿ ಮಾಡ್ಕೊಡೋರೂ ಇದಾರೆ.