ಬೇಸಿಗೆಯ ದೂರದ ಕಾಲ್ನಡಿಗೆ: ಚೀಲ ಹಗುರವಾದಷ್ಟೂ ನೀರಿಗೆ ಜಾಗ

ಮೈಸೂರಿನಿಂದ ತಿ. ನರಸೀಪುರ, ಕೊಳ್ಳೇಗಾಲ, ಹನೂರು ದಾರಿಯಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದರೆ ಸುಮಾರು 140 ಕಿ.ಮೀ. ಮಂಡ್ಯ ಕಡೆಯವರು ಮಳವಳ್ಳಿ ಮೇಲೆ ಬಂದು ಕೊಳ್ಳೇಗಾಲದಲ್ಲಿ ಇದೇ ದಾರಿ ಸೇರುತ್ತಾರೆ. ಶಿವರಾತ್ರಿ, ಯುಗಾದಿ ಸಮಯದಲ್ಲಿ ಹೊರಟರೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಊಟ ಕೊಡುವವರು ಇರುತ್ತಾರೆ. ಬರಿಗೈಲಿ ಹೋದರೂ ನಡೆಯುತ್ತದೆ. ಜಾತ್ರೆಯ ಜನ ಕರಗಿದ ಮೇಲೆ, ಏಪ್ರಿಲ್‌ನಲ್ಲೋ ಮೇನಲ್ಲೋ, ಒಬ್ಬರೋ ಇಬ್ಬರೋ ಐದಾರು ದಿನದ ನಡಿಗೆಗೆ ಹೊರಟರೆ ಬೇಕಾದದ್ದನ್ನೆಲ್ಲ ಬೆನ್ನ ಮೇಲೆಯೇ ಹೊರಬೇಕು. ಇಲ್ಲಿರುವ ಲೆಕ್ಕವೆಲ್ಲ ಅಂಥ ನಡಿಗೆಗೆ. ಹಿಮಾಲಯದ ಚಾರಣಕ್ಕೆ ಇದನ್ನು ಬಳಸಬೇಡಿ, ಅಲ್ಲಿನ ರಾತ್ರಿಯ ಚಳಿಗೆ ಈ ಸಾಮಾನು ಏನೇನೂ ಸಾಲದು.

ನಮ್ಮ ಸೀಮೆಯ ಬೇಸಿಗೆಯಲ್ಲಿ ಚೀಲದೊಳಗಿನ ಅತಿ ಭಾರದ ಸಾಮಾನು ನೀರು. ಒಂದು ಲೀಟರ್ ಅಂದರೆ ಒಂದು ಕೆ.ಜಿ., ಎಷ್ಟು ದುಡ್ಡು ಕೊಟ್ಟರೂ ಅದು ಹಗುರವಾಗುವುದಿಲ್ಲ. ಹಾಗಾಗಿ ಮಿಕ್ಕ ಸಾಮಾನಿನಲ್ಲಿ ಉಳಿಸಿದ ಒಂದೊಂದು ಗ್ರಾಮೂ ನೀರಿನ ಖಾತೆಗೆ ಹೋಗಬೇಕು. ನೀರು, ತಿಂಡಿ ಬಿಟ್ಟು ಚೀಲ 4.5 ಕೆ.ಜಿ. ದಾಟಬಾರದು. ಅದರ ಮೇಲೆ 4 ಲೀಟರ್ ನೀರು, 1 ಕೆ.ಜಿ. ತಿಂಡಿ ಸೇರಿದರೆ 9.5 ಕೆ.ಜಿ. ಆಯಿತು. 60 ಕೆ.ಜಿ. ತೂಗುವವರಿಗೆ ಇಷ್ಟೇ ಸಾಕಷ್ಟು ಹೊರೆ.

ಮೊದಲು ತಕ್ಕಡಿ, ಕೊನೆಗೆ ಚೀಲ

ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಕೊಂಡೊಯ್ಯಬೇಕು ಅಂದುಕೊಂಡದ್ದನ್ನೆಲ್ಲ ನೆಲದ ಮೇಲೆ ಹರಡಿ, ಒಂದೊಂದನ್ನೇ ತೂಗಿ ಹಾಳೆಯಲ್ಲಿ ಬರೆದುಕೊಳ್ಳಿ. ಸಾಮಾನ್ಯವಾಗಿ ತೂಕ ಅಡಗಿರುವುದು ದೊಡ್ಡ ವಸ್ತುಗಳಲ್ಲಲ್ಲ, "ಇರಲಿ" ಅಂತ ತುರುಕಿದ ಸಣ್ಣಪುಟ್ಟದ್ದರಲ್ಲಿ: ತುಂಬಿದ ಶಾಂಪೂ ಬಾಟಲಿ, ದಪ್ಪ ಟರ್ಕಿ ಟವೆಲ್, ಮೂರನೇ ಜೊತೆ ಬಟ್ಟೆ, ಎರಡನೇ ಚಾರ್ಜರ್. ಇವಿಷ್ಟೇ ಒಂದೂವರೆ ಕೆ.ಜಿ. ಮುಟ್ಟುವುದುಂಟು.

ಬಹಳ ಜನ ಮೊದಲು ಚೀಲ ಕೊಳ್ಳುತ್ತಾರೆ, ಅಲ್ಲೇ ಎಡವಟ್ಟು. 60 ಲೀಟರಿನ ಚೀಲ ತಂದರೆ ಅದನ್ನು ತುಂಬಿಸುವವರೆಗೆ ಮನಸ್ಸಿಗೆ ಸಮಾಧಾನವಿಲ್ಲ. ಸಾಮಾನೆಲ್ಲ ಗೊತ್ತಾದ ಮೇಲೆ ಅವನ್ನೊಂದು ರಟ್ಟಿನ ಡಬ್ಬದಲ್ಲಿ ಜೋಡಿಸಿ, ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 1,000ದಿಂದ ಭಾಗಿಸಿ. ಬಂದದ್ದು ಲೀಟರ್ ಲೆಕ್ಕ. ಇದಕ್ಕೆ ನೀರಿಗೆಂದು 5 ಲೀಟರ್ ಸೇರಿಸಿ. ಈ ನಡಿಗೆಗೆ 35ರಿಂದ 40 ಲೀಟರ್ ಧಾರಾಳ. ಖಾಲಿ ಚೀಲ 1 ಕೆ.ಜಿ.ಯೊಳಗಿರಲಿ.

ಚೀಲ ಆರಿಸುವಾಗ ನೋಡಬೇಕಾದದ್ದು ಬೆನ್ನಿನ ಅಳತೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಬರುವ ಮೂಳೆಯಿಂದ, ಸೊಂಟದ ಎರಡೂ ಬದಿಯ ಮೂಳೆಗಳ ಮೇಲ್ತುದಿಯನ್ನು ಸೇರಿಸುವ ಗೆರೆಯವರೆಗೆ ಟೇಪು ಹಿಡಿಸಿ. ಆ ಅಳತೆಗೆ ಚೀಲ ಹೊಂದದಿದ್ದರೆ ಸೊಂಟದ ಪಟ್ಟಿ ಹೊಟ್ಟೆಯ ಮೇಲೋ ತೊಡೆಯ ಮೇಲೋ ಬಂದು ಕೂರುತ್ತದೆ, ಭಾರವೆಲ್ಲ ಭುಜಕ್ಕೆ ಬೀಳುತ್ತದೆ. ನೀರು ಸೇರಿ 9 ಕೆ.ಜಿ. ಆಗುವ ಹೊರೆಗೆ ಸೊಂಟದ ಪಟ್ಟಿ ಬೇಕೇ ಬೇಕು. ತೂಕ ಕಡಿಮೆ ಮಾಡಲು ಅದನ್ನು ಕತ್ತರಿಸಿ ಹಾಕಬೇಡಿ.

ಮಳೆಗೆ ಚೀಲದ ಹೊರಗಿನ ಕವರ್ ನಂಬಬೇಡಿ. ಬೆನ್ನಿನ ಕಡೆ ಅದು ತೆರೆದೇ ಇರುತ್ತದೆ, ಕತ್ತಿನಿಂದ ಇಳಿದ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಚೀಲದ ಒಳಗೆ ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ, ಸಾಮಾನು ತುಂಬಿ, ಬಾಯಿ ತಿರುಚಿ ಮಡಚಿಡಿ. 60 ಗ್ರಾಮಿನಲ್ಲಿ ಕೆಲಸ ಮುಗಿಯಿತು. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಗಟ್ಟಿ ಅಂತ ಅದನ್ನು ಬಳಸಬಾರದು; ತೊಳೆದರೂ ಯೂರಿಯಾ ಪೂರ್ತಿ ಹೋಗದೆ ಬಟ್ಟೆಗೆ, ತಿಂಡಿಗೆ ತಾಗುತ್ತದೆ.

ಮಲಗುವ ಸಾಮಾನು

ಬಯಲುಸೀಮೆಯ ಏಪ್ರಿಲ್ ರಾತ್ರಿ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸು ಇರುತ್ತದೆ. ಸ್ಲೀಪಿಂಗ್ ಬ್ಯಾಗ್ ಬೇಡ. ತೆಳ್ಳನೆಯ ಹತ್ತಿ ಪಂಚೆಯೊಂದು 250 ಗ್ರಾಂ. ಹೊದೆಯಲು, ಸ್ನಾನಕ್ಕೆ, ಬಟ್ಟೆ ಬದಲಿಸಲು, ಬಿಸಿಲಲ್ಲಿ ತಲೆಗೆ ಎಲ್ಲದಕ್ಕೂ ಅದೇ ಆಗುತ್ತದೆ. ಇನ್ನೂ ಹಗುರ ಬೇಕಾದರೆ ರೇಷ್ಮೆ ಬಟ್ಟೆಯನ್ನು ಚೀಲದ ಹಾಗೆ ಹೊಲಿಸಿ, 150 ಗ್ರಾಮಿಗೆ ಮುಗಿಯುತ್ತದೆ. ಬೆಟ್ಟದ ಮೇಲಿನ ರಾತ್ರಿ ಸ್ವಲ್ಪ ತಣ್ಣಗಿದ್ದರೂ ತುಂಬುತೋಳಿನ ಅಂಗಿ ಹಾಕಿಕೊಂಡು ಹೊದ್ದರೆ ತಡೆಯುತ್ತದೆ.

ಚಾಪೆಗೆ 10 ಮಿ.ಮೀ. ದಪ್ಪದ ಫೋಮ್ ಹಾಳೆ ಸಾಕು. ತಲೆಯಿಂದ ಕಾಲಿನವರೆಗೂ ಬೇಕಿಲ್ಲ, ಭುಜದಿಂದ ಮಂಡಿಯವರೆಗೆ 120 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲಕ್ಕೆ ಕತ್ತರಿಸಿದರೆ 200 ಗ್ರಾಮಿನ ಹತ್ತಿರ ಬರುತ್ತದೆ. ಕಾಲ ಕೆಳಗೆ ಖಾಲಿ ಚೀಲ ಇಟ್ಟುಕೊಳ್ಳಿ. ಮನೆಯ ಯೋಗದ ಮ್ಯಾಟ್ ಒಯ್ಯಬೇಡಿ, ಪಿವಿಸಿಯದಾದರೆ ಅದೊಂದೇ ಒಂದು ಕೆ.ಜಿ. ತೂಗಬಹುದು. ಗಾಳಿ ತುಂಬುವ ಹಾಸಿಗೆ ಮೆತ್ತಗಿರುತ್ತದೆ, ಆದರೆ ಜಾಲಿ ಮುಳ್ಳಿನ ನೆಲದಲ್ಲಿ ಮೊದಲ ರಾತ್ರಿಯೇ ತೂತಾಗುತ್ತದೆ.

ಡೇರೆ ಬೇಡ ಅಂತಲೇ ನಮ್ಮ ಸಲಹೆ. ಈ ದಾರಿಯಲ್ಲಿ ದೇವಸ್ಥಾನದ ಜಗಲಿ, ಛತ್ರ, ಸಮುದಾಯ ಭವನ ಸಿಗುತ್ತವೆ. ಹೊತ್ತು ಮುಳುಗುವ ಮುಂಚೆ ತಲುಪಿ, ಊರಿನ ಹಿರಿಯರನ್ನೋ ಅರ್ಚಕರನ್ನೋ ಕೇಳಿ ಮಲಗಬೇಕು. ಆದರೆ ಸೊಳ್ಳೆ ಪರದೆ ಬಿಡುವಂತಿಲ್ಲ. ವಿಶ್ವೇಶ್ವರಯ್ಯ ನಾಲೆಯ ಭತ್ತ, ಕಬ್ಬಿನ ಬಯಲಿನಲ್ಲಿ ಪರದೆಯಿಲ್ಲದೆ ಮಲಗಿದರೆ ನಿದ್ದೆ ಹೋಯಿತು, ನಿದ್ದೆ ಕೆಟ್ಟರೆ ಮಾರನೇ ದಿನದ ನಡಿಗೆಯೂ ಹೋಯಿತು. ಒಬ್ಬರು ಮಲಗುವ ನೈಲಾನ್ ಪರದೆ 250 ಗ್ರಾಂ, ಜೊತೆಗೆ 2 ಮಿ.ಮೀ. ದಪ್ಪದ 10 ಮೀಟರ್ ದಾರ. ಪರದೆ ಮೈಗೆ ತಾಗಿದ ಕಡೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಆದ್ದರಿಂದ ನಾಲ್ಕೂ ಮೂಲೆಯನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಿ, ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿ.

ಏಪ್ರಿಲ್ ನಡುವಿನಿಂದ ಅಶ್ವಿನಿ, ಆಮೇಲೆ ಭರಣಿ. ಸಂಜೆ ಗಾಳಿ ಎದ್ದು ಗುಡುಗಿನ ಮಳೆ ಹೊಡೆಯುವ ಕಾಲ ಇದು. ಅದಕ್ಕೊಂದು ಟಾರ್ಪಾಲು ಇರಲಿ. ಅಂಗಡಿಯಲ್ಲಿ ಕೇಳಬೇಕಾದದ್ದು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. 2 ಮೀಟರ್ ಅಗಲ, 3 ಮೀಟರ್ ಉದ್ದದ್ದು 90 ಜಿಎಸ್‌ಎಂ ಆದರೆ 540 ಗ್ರಾಂ, ಲಾರಿಗೆ ಹೊದಿಸುವ 200 ಜಿಎಸ್‌ಎಂ ಆದರೆ 1.2 ಕೆ.ಜಿ. ಐದಾರು ದಿನಕ್ಕೆ 90 ಸಾಕು. ಅದನ್ನು ತೆಂಗಿನ ಮರದ ಕೆಳಗೆ ಮಾತ್ರ ಕಟ್ಟಬೇಡಿ, ಗಾಳಿಗೆ ಗರಿ, ಕಾಯಿ ಎರಡೂ ಬೀಳುತ್ತವೆ. ಗುಡುಗುವಾಗ ಒಂಟಿ ಮರದ ಹತ್ತಿರವೂ ನಿಲ್ಲಬೇಡಿ.

ಕೊಡೆ, ಬಟ್ಟೆ, ಕಾಲು

ಇಡೀ ಚೀಲದಲ್ಲಿ ತನ್ನ ತೂಕಕ್ಕೆ ಹೆಚ್ಚು ಕೆಲಸ ಮಾಡುವುದು ಕೊಡೆ. 280 ಗ್ರಾಮಿನ ಮಡಚುವ ಕೊಡೆ, ಹೊರಮೈಗೆ ಬೆಳ್ಳಿ ಬಣ್ಣ ಬಳಿದದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಟೋಪಿ ತಲೆಗೆ ಮಾತ್ರ ನೆರಳು ಕೊಡುತ್ತದೆ, ಕೊಡೆ ಭುಜ, ತೋಳು, ಚೀಲದ ಪಕ್ಕದ ನೀರಿನ ಬಾಟಲಿಗೂ ಕೊಡುತ್ತದೆ. ಮೈ ಬಿಸಿಯೇರುವುದು ಕಡಿಮೆಯಾದಷ್ಟೂ ಬೆವರು ಕಡಿಮೆ, ಬೆವರು ಕಡಿಮೆಯಾದಷ್ಟೂ ಹೊರಬೇಕಾದ ನೀರು ಕಡಿಮೆ. ಹಿಡಿಯನ್ನು ಭುಜದ ಪಟ್ಟಿಗೆ ಎರಡು ಕಡೆ ರಬ್ಬರಿನಿಂದ ಕಟ್ಟಿದರೆ ಕೈ ಬಿಡುವಾಗಿರುತ್ತದೆ. ಜೋರು ಗಾಳಿಗೆ ಕಡ್ಡಿ ಮಗುಚಿಕೊಳ್ಳುತ್ತದೆ, ಆಗ ಮಡಚಿಬಿಡಿ. ಲಾರಿ, ಬಸ್ಸು ಪಕ್ಕದಲ್ಲೇ ನುಗ್ಗುವ ಕಿರಿದಾದ ರಸ್ತೆಯಲ್ಲೂ ಅಷ್ಟೇ. ಸಾಧಾರಣ ಮಳೆಗೆ ಬೇರೆ ರೇನ್‌ಕೋಟ್ ಬೇಕಾಗುವುದಿಲ್ಲ.

ಬಟ್ಟೆ ಎರಡೇ ಜೊತೆ, ಒಂದು ನಡೆಯಲು, ಒಂದು ಮಲಗಲು. ನಡೆಯುವ ಅಂಗಿ ಸಡಿಲವಾದ, ತಿಳಿ ಬಣ್ಣದ, ತುಂಬುತೋಳಿನ ಪಾಲಿಯೆಸ್ಟರ್ ಆಗಿರಲಿ. ಸಂಜೆ ಒಗೆದು ಹಾಕಿದರೆ ಬೆಳಗ್ಗೆ ಒಣಗಿರುತ್ತದೆ. ಒಣ ಬಿಸಿಲಲ್ಲಿ ಹತ್ತಿ ಅಂಗಿಯೂ ತಂಪೇ, ಆ ವಾದ ಒಪ್ಪತಕ್ಕದ್ದು. ಒಳ ಉಡುಪಿನಲ್ಲಿ ಮಾತ್ರ ಹತ್ತಿ ಬೇಡ. ಬೆವರಿಗೆ ನೆಂದು, ಉಪ್ಪು ಕಟ್ಟಿ, ತೊಡೆಸಂದಿಯನ್ನು ಉಜ್ಜಿ ಗಾಯ ಮಾಡುತ್ತದೆ. ಮಂಡಿಯ ಮೇಲಿನವರೆಗೆ ಬರುವ ಬಿಗಿ ಸಿಂಥೆಟಿಕ್ ಚಡ್ಡಿ ಗಂಡಸರಿಗೂ ಹೆಂಗಸರಿಗೂ ಸರಿ. ಉಜ್ಜುವ ಜಾಗಕ್ಕೆ ಬೆಳಗ್ಗೆಯೇ ವ್ಯಾಸಲೀನ್ ಸವರಿ.

ಕಾಲಿಗೆ ಕಟ್ಟಿದ ತೂಕ ಬೆನ್ನಿನ ಅಷ್ಟೇ ತೂಕಕ್ಕಿಂತ ಹಲವು ಪಟ್ಟು ದಣಿಸುತ್ತದೆ, ಒಂದೊಂದು ಹೆಜ್ಜೆಗೂ ಅದನ್ನು ಎತ್ತಿ ಇಡಬೇಕು ನೋಡಿ. ಚಾರಣದ ಬೂಟು ಬೇಡ. ಗಾಳಿಯಾಡುವ ಓಟದ ಶೂ, ಎರಡೂ ಸೇರಿ 600 ಗ್ರಾಂ ಮೀರದ್ದು, ಮಾಮೂಲಿಗಿಂತ ಒಂದು ಅಳತೆ ದೊಡ್ಡದು ಕೊಳ್ಳಿ. ಬಿಸಿಲಿನ ಡಾಂಬರು ರಸ್ತೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಪಾದ ಊದುತ್ತದೆ, ಬಿಗಿ ಶೂನಲ್ಲಿ ಬೆರಳುಗಳು ಮುಂದೆ ತಾಗಿ ಉಗುರು ಕಪ್ಪಾಗುತ್ತದೆ. ಹೊಸ ಶೂ ಆದರೆ ಹೊರಡುವ ಮುಂಚೆ ಕನಿಷ್ಠ 50 ಕಿ.ಮೀ. ನಡೆದಿರಬೇಕು. ಎರಡು ಗಂಟೆಗೊಮ್ಮೆ ಕೂತು ಕಾಲುಚೀಲ ಬದಲಿಸಿ, ಬಿಚ್ಚಿದ್ದನ್ನು ಚೀಲದ ಹೊರಗೆ ಒಣಹಾಕಿ. ಪಾದದಲ್ಲಿ ಎಲ್ಲಾದರೂ ಚುರುಗುಟ್ಟಿದರೆ "ಮುಂದಿನ ಊರಲ್ಲಿ ನೋಡೋಣ" ಅನ್ನದೆ ಅಲ್ಲೇ ಮೆಡಿಕಲ್ ಟೇಪು ಅಂಟಿಸಿ. ಬೊಬ್ಬೆ ಎದ್ದ ಮೇಲೆ ಮೇಲಿನ ಚರ್ಮ ಕೀಳಬೇಡಿ.

ನೀರು ಮತ್ತು ಉಪ್ಪು

4 ಲೀಟರ್ ಹಿಡಿಯುವಷ್ಟು ಬಾಟಲಿ ಇರಲಿ, ಎಲ್ಲ ಹೊತ್ತೂ ತುಂಬಿರಬೇಕೆಂದಿಲ್ಲ. ಊರುಗಳು ಹತ್ತಿರವಿರುವ ಕೊಳ್ಳೇಗಾಲದವರೆಗೆ 2 ಲೀಟರ್ ತುಂಬಿಕೊಂಡರೆ ಸಾಕು. ಹನೂರು ದಾಟಿ ಕಾಡು, ಘಟ್ಟ ಶುರುವಾದ ಮೇಲೆ ನಾಲ್ಕೂ ತುಂಬಿರಲಿ. ಅಂಗಡಿಯ ಒಂದು ಲೀಟರಿನ ಮಿನರಲ್ ವಾಟರ್ ಬಾಟಲಿ 30 ಗ್ರಾಂ ಅಷ್ಟೇ, ಐದಾರು ದಿನ ಬಾಳುತ್ತದೆ. ತಣ್ಣಗಿಡುವ ಎರಡು ಪದರದ ಸ್ಟೀಲ್ ಬಾಟಲಿ ಖಾಲಿಯೇ 400 ಗ್ರಾಂ ಮೀರುತ್ತದೆ. ನೀರಿನ ಭಾರ ಬೆನ್ನಿಗೆ ಅಂಟಿಕೊಂಡು, ಭುಜದ ಮೂಳೆಗಳ ನಡುವೆ ಬರುವಂತೆ ಜೋಡಿಸಿ. ಚೀಲದ ಹೊರಗೆ ನೇತುಹಾಕಿದರೆ ಹಿಂದಕ್ಕೆ ಎಳೆಯುತ್ತದೆ.

ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ಅದಕ್ಕೆಂದು ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ. 0.1 ಮೈಕ್ರಾನಿನ ಕೈ ಫಿಲ್ಟರ್ 85 ಗ್ರಾಂ ತೂಗುತ್ತದೆ, ತುರ್ತಿಗೆ ಒಳ್ಳೆಯದು. ಆದರೆ ಅದು ತಡೆಯುವುದು ಕೆಸರು, ಬ್ಯಾಕ್ಟೀರಿಯಾಗಳನ್ನು. ಗದ್ದೆಗೆ ಹಾಕಿದ ಗೊಬ್ಬರ, ಕೀಟನಾಶಕ ನೀರಲ್ಲಿ ಕರಗಿರುವುದರಿಂದ ಅದರೊಳಗೆ ಸಲೀಸಾಗಿ ದಾಟಿ ಬರುತ್ತವೆ. ಗದ್ದೆ ಬಯಲಿನ ನಾಲೆಯ ನೀರನ್ನು ಫಿಲ್ಟರ್ ಮಾಡಿದರೂ ಕುಡಿಯಬೇಡಿ.

ಬರೀ ನೀರು ಕುಡಿಯುತ್ತಾ ಹೋದರೆ ಬೆವರಿನ ಉಪ್ಪು ತುಂಬುವುದಿಲ್ಲ. ಎಷ್ಟು ಕುಡಿದರೂ ತಲೆನೋವು, ವಾಕರಿಕೆ, ಸ್ನಾಯು ಹಿಡಿತ ಹೋಗದಿದ್ದರೆ ಬಹುಮಟ್ಟಿಗೆ ಇದೇ ಕಾರಣ. ಎಳನೀರು ಕುಡಿದೆವಲ್ಲ ಅಂದುಕೊಳ್ಳಬೇಡಿ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಜೊತೆಗೆ ಉಪ್ಪಿರುವುದೇನಾದರೂ ತಿನ್ನಬೇಕು. ಉಪ್ಪು ಹಾಕಿದ ಮಜ್ಜಿಗೆ ಬಲು ಒಳ್ಳೆಯದು. 20.5 ಗ್ರಾಮಿನ ಓಆರ್‌ಎಸ್ ಪೊಟ್ಟಣ ದಿನಕ್ಕೊಂದರಂತೆ ಇರಲಿ, ಒಂದನ್ನು ಪೂರ್ತಿ ಒಂದು ಲೀಟರಿಗೆ ಕಲಸಬೇಕು. ಪೊಟ್ಟಣ ಮುಗಿದರೆ ಲೀಟರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಜೊತೆಗಾರರು ತೊದಲಿದರೆ, ಗೊಂದಲಪಟ್ಟರೆ ನೆರಳಿಗೆ ಕೂರಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ಕೂಡಲೇ 108ಕ್ಕೆ ಕರೆ ಮಾಡಿ.

ಒಲೆ ಬಿಟ್ಟುಬಿಡಿ. ಸಣ್ಣ ಒಲೆ, ಗ್ಯಾಸ್ ಡಬ್ಬಿ, ಪಾತ್ರೆ ಸೇರಿ 600 ಗ್ರಾಂ ದಾಟುತ್ತವೆ. ರಾಗಿ ಹುರಿಹಿಟ್ಟಿಗೆ ಬೆಂಕಿಯೇ ಬೇಡ: 100 ಗ್ರಾಂ ಹಿಟ್ಟು, 30 ಗ್ರಾಂ ಪುಡಿಬೆಲ್ಲ, ಚಿಟಿಕೆ ಉಪ್ಪು, ನೀರೋ ಮಜ್ಜಿಗೆಯೋ ಹಾಕಿ ಕಲಸಿದರೆ ಬೆಳಗಿನ ತಿಂಡಿ ಆಯಿತು. ತೆಳು ಅವಲಕ್ಕಿ, ಹುರಿಗಡಲೆ, ಕಡಲೆಬೀಜ ಉಳಿದದ್ದಕ್ಕೆ. ಅಚ್ಚುಬೆಲ್ಲ ಬಿಸಿಲಿಗೆ ಜಿನುಗಿ ಚೀಲವೆಲ್ಲ ಅಂಟಾಗುತ್ತದೆ, ಪುಡಿಯನ್ನೇ ಒಯ್ಯಿರಿ. ಕಡ್ಲೆಪುರಿ ಹಗುರ ನಿಜ, ಜಾಗ ಮಾತ್ರ ಬಹಳ ತಿನ್ನುತ್ತದೆ.

ಮಿಕ್ಕದ್ದು: 10,000 ಎಂಎಎಚ್ ಪವರ್ ಬ್ಯಾಂಕ್ ಒಂದು, 220 ಗ್ರಾಂ, ಫೋನನ್ನು ಹೆಚ್ಚೆಂದರೆ ಎರಡು ಸಲ ತುಂಬುತ್ತದೆ, ಬಿಸಿಲು ಬೀಳುವ ಹೊರಜೇಬಿನಲ್ಲಿ ಇಡಬೇಡಿ. ತಲೆಗೆ ಕಟ್ಟುವ ಟಾರ್ಚ್ 70 ಗ್ರಾಂ. ಟಾರ್ಚ್ ಇದೆ ಅಂತ ಕಾಡಿನ ದಾರಿಯಲ್ಲಿ ಕತ್ತಲಲ್ಲಿ ನಡೆಯಬೇಡಿ. ಹನೂರಿನಿಂದ ಮುಂದೆ ಆನೆ, ಚಿರತೆ ಓಡಾಡುವ ವನ್ಯಧಾಮವಿದೆ. ಅರಣ್ಯ ಇಲಾಖೆ ಹೇಳಿದ ಹೊತ್ತಿನಲ್ಲೇ ದಾಟಿ, ಕಾಡಿನೊಳಗೆ ಟಾರ್ಪಾಲು ಕಟ್ಟಿ ತಂಗುವ ಯೋಚನೆ ಬೇಡ.

ಹೊರಡುವ ಎರಡು ವಾರ ಮುಂಚೆ ನೀರು, ತಿಂಡಿ ಸಮೇತ ಚೀಲ ತುಂಬಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯಿರಿ. ಮಂಡ್ಯದವರಿಗೆ ಕುಂತಿಬೆಟ್ಟ, ಕರಿಘಟ್ಟ ಇವೆ. ಮೊದಲು ಸೊಂಟದ ಪಟ್ಟಿ ಬಿಗಿದು, ಆಮೇಲೆ ಭುಜದ ಪಟ್ಟಿ ಎಳೆಯಬೇಕು. ಬೆರಳು ಜೋಮು ಹಿಡಿದರೆ ಭುಜದ ಪಟ್ಟಿ ಬಿಗಿ ಜಾಸ್ತಿಯಾಗಿದೆ, ಸಡಿಲಿಸಿ. ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾದರೆ ಪಟ್ಟಿಯ ಕೆಳಗೆ ಅಂಗಿ ಮಡಚಿಕೊಂಡಿದೆಯೇ ನೋಡಿ. ಇಳಿಯುವಾಗ ಬೆರಳ ತುದಿ ಶೂಗೆ ತಾಗಿದರೆ ಹರಡಿನ ಹತ್ತಿರದ ಕೊನೆಯ ತೂತಿನಲ್ಲೂ ಲೇಸು ಪೋಣಿಸಿ ಕಟ್ಟಿ. ಆಗಲೂ ತಾಗಿದರೆ ಆ ಶೂ ಈ ನಡಿಗೆಗೆ ಆಗದು, ಬದಲಿಸಲು ಇನ್ನೂ ಎರಡು ವಾರ ಸಮಯವಿದೆ.